ಅಪ್ಪನ ಮಂಕಿ ಟೋಪಿ

ಕಾಗೆಯನ್ನು ನೋಯಿಸದೆ ದೂರ ಇಡುವುದು ಹೇಗೆಂದು ನನ್ನ ತಮ್ಮನಿಗೆ ಕಲಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯೆ ನನ್ನದು, ಗೊಂಬೆ ನನ್ನದು, ಅದನ್ನು ಹೊಲಿದ ಸೂಜಿಯೂ ನನ್ನದೇ.

ನಮ್ಮ ಮನೆ ಯಡಿಯೂರು ಕೆರೆಯ ಹಿಂದಿನ ಅಡ್ಡರಸ್ತೆಯಲ್ಲಿದೆ. ಅಪ್ಪ ಕಟ್ಟಿಸಿದ್ದು. ಕೆಳಗೆ ಒಂದು ಮನೆ, ಮೇಲೆ ಬರೀ ತಾರಸಿ. ನಾನು ಮದುವೆಯಾಗಲಿಲ್ಲ, ಅಮ್ಮನ ಜೊತೆ ಅಲ್ಲೇ ಉಳಿದೆ. ತಮ್ಮ ಮದುವೆಯಾದ ಮೇಲೆ ಜೆ.ಪಿ. ನಗರದ ಫ್ಲ್ಯಾಟಿಗೆ ಹೋದ. ಬ್ಯಾಂಕಿನ ಕೆಲಸದಿಂದ ನಾನು ನಿವೃತ್ತಳಾದಾಗ ನೆಂಟರೆಲ್ಲ ವಾಕಿಂಗ್ ಹೋಗು ಎಂದರು, ಭಜನೆಗೆ ಸೇರು ಎಂದರು. ನನಗೆ ಗುಂಪಿನಲ್ಲಿ ನಡೆಯುವುದೂ ಆಗುವುದಿಲ್ಲ, ಗುಂಪಿನಲ್ಲಿ ಹಾಡುವುದೂ ಆಗುವುದಿಲ್ಲ. ತಾರಸಿಯ ಮೇಲೆ ಕುಂಡಗಳನ್ನಿಟ್ಟೆ.

ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು, ಆ ತಾರಸಿಗೆ ನಾನೊಬ್ಬಳೇ ಯಜಮಾನಿಯಲ್ಲ ಎಂದು. ಟೊಮೇಟೊ ಕೆಂಪಾಗುವಷ್ಟರಲ್ಲಿ ಬುಲ್‌ಬುಲ್ ಬಂದು ಕುಕ್ಕಿ ತೂತು ಮಾಡಿರುತ್ತಿತ್ತು. ಡ್ರಮ್ಮಿನಲ್ಲಿ ಬೆಳೆಸಿದ ದಾಳಿಂಬೆಯನ್ನು ಗಿಳಿ ಅರ್ಧ ತಿಂದು ಅರ್ಧ ಬಿಸಾಡುತ್ತಿತ್ತು. ಗಿಳಿಯಷ್ಟು ದುಂದುಗಾರ ಹಕ್ಕಿಯನ್ನು ನಾನು ಕಂಡಿಲ್ಲ. ಮೆಂತ್ಯ ಬಿತ್ತಿದರೆ ಪಾರಿವಾಳ. ಅವರೆ ಮೊಳಕೆ ಬಂದರೆ ಕಾಗೆ. ಕಾಗೆಗೆ ಮೊಳಕೆ ತಿನ್ನುವ ಆಸೆಯೂ ಇರಲಿಲ್ಲ. ಕಿತ್ತು, ಬೇರು ಮೇಲೆ ಮಾಡಿ ಇಟ್ಟು, ನನ್ನ ಮುಖ ನೋಡುತ್ತಿತ್ತು.

ಸಾಲದ್ದಕ್ಕೆ ಅಮ್ಮ. ಕಣ್ಣು ಮಂಜಾಗಿದ್ದ ಅಮ್ಮ ಕಂಬಿ ಹಿಡಿದು ನಿಧಾನವಾಗಿ ಮೇಲೆ ಹತ್ತಿ ಬಂದು, ಇನ್ನೂ ಪೂರ್ತಿ ಹಣ್ಣಾಗದ ದೋರೆ ಟೊಮೇಟೊಗಳನ್ನು ಕಿತ್ತು ಸೆರಗಿಗೆ ಹಾಕಿಕೊಂಡು ಇಳಿದುಬಿಡುತ್ತಿದ್ದಳು. ಗೊಜ್ಜಿಗೆ ದೋರೆಯೇ ಚೆನ್ನ ಎಂಬುದು ಅವಳ ವಾದ. "ಹಕ್ಕಿಗಳನ್ನಾದ್ರೂ ಓಡಿಸ್ಬೋದು, ನಿನ್ನನ್ನ ಹೇಗಮ್ಮ ಓಡಿಸ್ಲಿ" ಎಂದರೆ ಕಿವಿ ಕೇಳಿಸದವಳ ಹಾಗೆ ಹೋಗುತ್ತಿದ್ದಳು. ಅವಳ ಕಿವಿ ಚೆನ್ನಾಗಿಯೇ ಇತ್ತು.

ಎದುರು ಮನೆಯವರು ಪಾರಿವಾಳಕ್ಕೆ ಅಂಟು ಹಚ್ಚಿದ ಹಲಗೆ ಇಡಿ ಎಂದರು. ಕಾಲು ಅಂಟಿಕೊಂಡು ಒದ್ದಾಡುವ ಹಕ್ಕಿಯನ್ನು ನೋಡಿ ಬೆಳಗಿನ ಕಾಫಿ ಕುಡಿಯುವುದು ನನ್ನಿಂದಾಗದ ಕೆಲಸ. ತೆಳ್ಳನೆಯ ನೈಲಾನ್ ಬಲೆ ತಂದು ಹೊದಿಸಿದೆ. ಒಂದು ಮೈನಾ ಅದರಲ್ಲಿ ಕಾಲು ಸಿಕ್ಕಿಸಿಕೊಂಡಿತು. ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಉಗುರು ಕತ್ತರಿಸುವ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆ. ಬಿಡಿಸಿಕೊಂಡ ಮೈನಾ ನನ್ನ ಹೆಬ್ಬೆರಳಿಗೆ ಚೆನ್ನಾಗಿ ಕುಕ್ಕಿ ಹಾರಿತು. ಬಲೆಯನ್ನು ಅವತ್ತೇ ಕಸಕ್ಕೆ ಹಾಕಿದೆ.

ಆಮೇಲೆ ನನ್ನದೇ ದಾರಿ ಹುಡುಕಿಕೊಂಡೆ. ಅಪ್ಪನ ಹಳೆಯ, ತೆಳ್ಳನೆಯ ಮಲ್ಲು ಪಂಚೆಗಳನ್ನು ಹರಿದು ಪುಟ್ಟ ಪುಟ್ಟ ಚೀಲ ಹೊಲಿದೆ. ಒಂದೊಂದು ದಾಳಿಂಬೆಗೂ ಒಂದೊಂದು ಚೀಲ. ಗಿಳಿಗಳಿಗೆಂದು ಒಂದು ಕೊಂಬೆಗೆ ಮಾತ್ರ ಚೀಲ ಕಟ್ಟಲಿಲ್ಲ. ಬುಲ್‌ಬುಲ್ ಟೊಮೇಟೊ ಕುಕ್ಕುವುದು ಹಸಿವಿಗಲ್ಲ, ಬಾಯಾರಿಕೆಗೆ ಎಂದು ನೋಡುತ್ತ ನೋಡುತ್ತ ತಿಳಿಯಿತು. ತಾರಸಿಯ ಆಚೆ ಮೂಲೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆ. ಕುಕ್ಕುವುದು ಮುಕ್ಕಾಲು ಪಾಲು ನಿಂತಿತು. ಮೆಂತ್ಯದ ಮೇಲೆ ಹಳೆಯ ಫ್ರಿಜ್ಜಿನ ತಂತಿ ತಟ್ಟೆಗಳನ್ನು ಮುಚ್ಚಿದೆ. ದಾರದಲ್ಲಿ ಸಿ.ಡಿ.ಗಳನ್ನು ಕಟ್ಟಿದೆ; ಅವುಗಳ ಜಾಗವನ್ನು ಆಗಾಗ ಬದಲಿಸಬೇಕು, ಇಲ್ಲದಿದ್ದರೆ ಪಾರಿವಾಳ ಅದರ ಮುಂದೆಯೇ ಕೂತು ಮುಖ ನೋಡಿಕೊಳ್ಳುತ್ತದೆ.

ಉಳಿದದ್ದು ಕಾಗೆ. ಕಾಗೆ ಯಾವುದಕ್ಕೂ ಜಗ್ಗುವ ಜಾತಿಯಲ್ಲ. ಒಮ್ಮೆ ನಮ್ಮ ಬೀದಿಯ ಕರೆಂಟಿನ ತಂತಿಗೆ ತಗುಲಿ ಒಂದು ಕಾಗೆ ಸತ್ತು, ತಲೆಕೆಳಗಾಗಿ ನೇತಾಡುತ್ತಿತ್ತು. ಸುತ್ತಲಿನ ಕಾಗೆಗಳೆಲ್ಲ ಸೇರಿ, ಗಂಟಲು ಹರಿಯುವ ಹಾಗೆ ಒಂದು ವಿಚಿತ್ರ ದನಿಯಲ್ಲಿ ಕೂಗಿ ಗದ್ದಲವೆಬ್ಬಿಸಿದವು. ಆಮೇಲೆ ಆ ಕಂಬದ ಹತ್ತಿರ ಒಂದೂ ಸುಳಿಯಲಿಲ್ಲ. ಅದನ್ನು ನೋಡಿ ನನಗೆ ಹೊಳೆಯಿತು. ಅಪ್ಪನ ಕರಿ ಕೊಡೆಯ ಬಟ್ಟೆ ಬಿಚ್ಚಿ, ಕಡ್ಡಿ ಮುರಿದು ರೆಕ್ಕೆಗೆ ಹಾಕಿ, ಹೊಟ್ಟೆಗೆ ತೆಂಗಿನ ನಾರು ತುಂಬಿ ಒಂದು ಸತ್ತ ಕಾಗೆ ಹೊಲಿದೆ. ಕಾಲು ಮೇಲೆ, ತಲೆ ಕೆಳಗೆ, ರೆಕ್ಕೆ ಜೋತುಬಿದ್ದ ಹಾಗೆ ಕಟ್ಟಬೇಕು. ಅವರೆ ಎರಡೆಲೆಯಿಂದ ನಾಲ್ಕೆಲೆ ಆಗುವವರೆಗೆ ಮಾತ್ರ ಇಟ್ಟು ತೆಗೆದುಬಿಡಬೇಕು. ಅಷ್ಟೇ. ಯಾರಿಗೂ ನೋವಿಲ್ಲ, ಒಂದು ಗರಿಯೂ ಉದುರುವುದಿಲ್ಲ. ನನಗೆ ಆ ಗೊಂಬೆಯ ಬಗ್ಗೆ ಸ್ವಲ್ಪ ಜಂಬವೇ ಇತ್ತು.

ಅದರಲ್ಲಿ ಒಂದು ತೊಂದರೆಯಿತ್ತು. ಸತ್ತ ಕಾಗೆಯನ್ನು ಕೈಯಲ್ಲಿ ಹಿಡಿದವರ ಮುಖವನ್ನು ಕಾಗೆಗಳು ಗುರುತಿಟ್ಟುಕೊಳ್ಳುತ್ತವೆ. ಮೊದಲ ಸಲ ಕಟ್ಟಿದ ಮೇಲೆ ನಾನು ಹಾಲು ತರಲು ಹೋದರೂ ಪಕ್ಕದ ಮನೆಯ ತೆಂಗಿನ ಮರದಿಂದ ಇಳಿದು, ತಲೆಗೆ ತಾಗುವ ಹಾಗೆ ಹಾರಿ ಬೈಯುತ್ತಿದ್ದವು. ತಿಂಗಳುಗಟ್ಟಲೆ ಕೊಡೆ ಹಿಡಿದು ಓಡಾಡಿದೆ. ಅಂದಿನಿಂದ ಗೊಂಬೆ ಕಟ್ಟುವಾಗಲೂ ಬಿಚ್ಚುವಾಗಲೂ ಅಪ್ಪನ ಮಂಕಿ ಟೋಪಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಕಂದು ಬಣ್ಣದ ಉಲ್ಲನ್ ಟೋಪಿ. ಎಳೆದುಕೊಂಡರೆ ಕಣ್ಣು ಬಿಟ್ಟು ಇನ್ನೇನೂ ಕಾಣುವುದಿಲ್ಲ. ತಾರಸಿಯ ಬಾಗಿಲ ಹಿಂದಿನ ಮೊಳೆಗೆ ಅದು ಸದಾ ನೇತಾಡುತ್ತಿರುತ್ತದೆ. ಟೋಪಿ ಹಾಕಿದವರು ಯಾರೆಂದು ಕಾಗೆಗಳಿಗೆ ಇವತ್ತಿಗೂ ಗೊತ್ತಿಲ್ಲ.

ಅಮ್ಮ ತೀರಿಕೊಂಡ ಮೇಲೆ ತಮ್ಮ ಮನೆಯ ಮಾತೆತ್ತಿದ. ಬಿಲ್ಡರ್ ಒಬ್ಬರಿಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟರೆ ನಾಲ್ಕು ಮಹಡಿ ಏಳುತ್ತದೆ, ನಿನಗೊಂದು ನನಗೊಂದು ಫ್ಲ್ಯಾಟು ಬರುತ್ತದೆ ಎಂದ. ಮನೆ ಇಬ್ಬರ ಹೆಸರಿನಲ್ಲಿದೆ; ನಾನು ಹೂಂ ಎನ್ನದೆ ಏನೂ ಆಗುವುದಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ತಾರಸಿ?"

"ಟೆರೇಸು ಕಾಮನ್ ಆಗತ್ತೆ ಅಕ್ಕ. ಕುಂಡ ಇಡಕ್ಕೆ ಅಸೋಸಿಯೇಷನ್ನವ್ರು ಒಪ್ಪಲ್ಲ, ಲೀಕ್ ಆಗತ್ತೆ ಅಂತಾರೆ. ಬಾಲ್ಕನೀಲಿ ಇಟ್ಕೋಬೋದಲ್ಲ, ನಾಲ್ಕೈದು."

ನಾನು ಆಗುವುದಿಲ್ಲ ಎಂದೆ. ಇನ್ನೊಂದು ಸಲ ಕೇಳಿದ, ಇನ್ನೊಂದು ಸಲ ಆಗುವುದಿಲ್ಲ ಎಂದೆ. ಮಾತಿಗೆ ಮಾತು ಬೆಳೆಯಿತು. ಆಮೇಲೆ ಇದ್ದಕ್ಕಿದ್ದಂತೆ ಅವನು ಆ ಮಾತನ್ನೇ ಬಿಟ್ಟುಬಿಟ್ಟ. ಭಾನುವಾರ ಬೆಳಿಗ್ಗೆ ಬೆಣ್ಣೆ ಬಿಸ್ಕತ್ತು ತೆಗೆದುಕೊಂಡು ಬರತೊಡಗಿದ. ಪ್ಯಾಂಟು ಮಡಿಸಿಕೊಂಡು ನನ್ನ ಜೊತೆ ಗೊಬ್ಬರ ಕಲೆಸಿದ, ದಾಳಿಂಬೆಗೆ ಚೀಲ ಕಟ್ಟಿದ, ನೀರಿನ ತಟ್ಟೆ ಉಜ್ಜಿದ. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಿ. ಚಿಕ್ಕಂದಿನಲ್ಲಿ ನನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ ತಮ್ಮ ಮತ್ತೆ ಸಿಕ್ಕಿದ ಎಂದುಕೊಂಡೆ. ಅಮ್ಮ ಹೋಗಿ ಅವನನ್ನು ನನಗೆ ಕೊಟ್ಟಳು ಎಂದು ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿ ಅತ್ತಿದ್ದೂ ಉಂಟು.

ಕಾಗೆ ಗೊಂಬೆಯನ್ನು ಕಂಡು ಅವನಿಗೆ ತುಂಬ ಕುತೂಹಲವಾಯಿತು. ಎಲ್ಲಿ ಕಟ್ಟಬೇಕು, ಎಷ್ಟು ಎತ್ತರದಲ್ಲಿ, ಯಾವ ಕಡೆಗೆ ಮುಖ ಮಾಡಿ ಎಂದೆಲ್ಲ ಕೇಳಿದ. ನಾನು ಉತ್ಸಾಹದಿಂದ ಹೇಳಿದೆ. ಕಾಗೆಗಳು ಕೂರುವುದು ಪಕ್ಕದ ಮನೆಯ ತೆಂಗಿನ ಮರದಲ್ಲಿ. ಗೊಂಬೆ ಅಲ್ಲಿಂದ ಕಾಣಬೇಕು, ನಮಗೆ ಕಾಣದಿದ್ದರೂ ನಡೆಯುತ್ತದೆ ಎಂದೆ.

"ತೆಗೆದ್ ಮೇಲೆ ಎಷ್ಟೊತ್ತಿಗೆ ವಾಪಸ್ ಬರ್ತಾವಕ್ಕ?"

"ತಿನ್ನಕ್ಕೆ ಏನಾದ್ರೂ ಕಂಡ್ರೆ ಸ್ವಲ್ಪ ಹೊತ್ತಿಗೇ ಬಂದ್ಬಿಡ್ತಾವೆ. ಹಸಿವು ಭಯಾನ ಮರೆಸತ್ತೆ ಕಣೋ."

ಅವನು ತಲೆಯಾಡಿಸಿದ. ನಾನು ಟೋಪಿ ಎಳೆದುಕೊಂಡು ಗೊಂಬೆ ಕಟ್ಟಲು ಹೊರಟಾಗ ಮೆಟ್ಟಿಲ ಬಾಗಿಲಲ್ಲಿ ನಿಂತು ನಕ್ಕ. "ಬಿಸ್ಲು ಹೊಡೀತಿದೆ, ಮಂಕಿ ಟೋಪಿ ಯಾಕಕ್ಕ?"

"ನನ್ನಿಷ್ಟ" ಎಂದೆ. ಕಾಗೆ ಮುಖ ಗುರುತು ಹಿಡಿಯುತ್ತದೆ ಎಂದರೆ ಇನ್ನಷ್ಟು ನಗುತ್ತಾನೆ ಎಂದು ಕಾರಣ ಹೇಳಲಿಲ್ಲ. ನನ್ನ ವಿದ್ಯೆಯಲ್ಲಿ ನಾನು ಅವನಿಗೆ ಹೇಳಿಕೊಡದೆ ಉಳಿಸಿಕೊಂಡದ್ದು ಅದೊಂದೇ.

ಅಮ್ಮನ ವರ್ಷದ ತಿಥಿ ಬಂತು. ನಮ್ಮ ಮನೆಯಲ್ಲೇ ಮಾಡೋಣ, ಅಮ್ಮ ಓಡಾಡಿದ ಜಾಗ ಎಂದು ತಮ್ಮನೇ ಹೇಳಿದ. ಆಗ ಅವರೆ ಮೊಳಕೆಯ ಕಾಲ, ಗೊಂಬೆ ಮೇಲೆಯೇ ನೇತಾಡುತ್ತಿತ್ತು. ತಿಥಿಯ ದಿನ ಕಾಗೆ ಬರಬೇಕಲ್ಲ. ಬೆಳಕು ಹರಿಯುತ್ತಿದ್ದಂತೆ ನಾನು ಸಿ.ಡಿ.ಗಳನ್ನೆಲ್ಲ ಬಿಚ್ಚಿದೆ, ಟೋಪಿ ಹಾಕಿಕೊಂಡು ಗೊಂಬೆಯನ್ನೂ ಬಿಚ್ಚಿ ಅಕ್ಕಿ ಚೀಲದೊಳಗೆ ತುರುಕಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಅದರ ಎಂದಿನ ಜಾಗದಲ್ಲಿಟ್ಟೆ. ತಮ್ಮ ಜಯನಗರದ ಮಾರ್ಕೆಟ್ಟಿನಿಂದ ಬಾಳೆ ಎಲೆಯ ಕಟ್ಟು ಹೊತ್ತು ತಂದ. ಅವನ ಜೊತೆ ಅವನ ಹೆಂಡತಿ, ಅಡುಗೆಗೆ. "ಪಿಂಡ ಇಡೋ ಜಾಗ ತೊಳ್ದು ಬರ್ತೀನಿ" ಎಂದು ಬಕೆಟ್ಟು ಹಿಡಿದು ಅವನೊಬ್ಬನೇ ಮೇಲೆ ಹೋಗಿ ಬಂದ. ಆಮೇಲೆ ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟು ಮಡಿಯಾದ. ಮಡಿಯಾದ ಮೇಲೆ ಅವನ ದರ್ಬಾರು ಕೇಳಬೇಡಿ. ನಾನು ಹಜಾರ ದಾಟಿದರೂ "ಅಕ್ಕ, ದೂರ, ಮಡೀಲಿದ್ದೀನಿ" ಎನ್ನುತ್ತಿದ್ದ.

ಬ್ರಾಹ್ಮಣರ ಊಟವಾಗಿ, ಪಿಂಡಪ್ರದಾನ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಕಾಗೆಗಿಡುವ ಪಿಂಡವನ್ನು ಎಲೆಯ ಮೇಲೆ ಹಿಡಿದು ತಮ್ಮ ತಾರಸಿಗೆ ನಡೆದ. ಅವನ ಹಿಂದೆ ಪುರೋಹಿತರು, ಅವನ ಹೆಂಡತಿ, ನಾನು, ಕೊನೆಯಲ್ಲಿ ಏದುಸಿರು ಬಿಡುತ್ತ ಚಿಕ್ಕಮ್ಮ, ಅಮ್ಮನ ತಂಗಿ. ಕಾಗೆ ಮುಟ್ಟುವವರೆಗೆ ಮನೆಯವರ್ಯಾರೂ ಉಣ್ಣುವಂತಿಲ್ಲ. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗಿನಿಂದ ಒಂದು ಲೋಟ ಮಜ್ಜಿಗೆಯಲ್ಲಿದ್ದರು.

ಎಲೆಯನ್ನು ಮೋಟುಗೋಡೆಯ ಮೇಲಿಟ್ಟು ತಮ್ಮ "ಕಾ, ಕಾ" ಎಂದು ಕರೆದ. ತೆಂಗಿನ ಮರದಲ್ಲಿ ಕಾಗೆಗಳಿದ್ದವು, ಒಂದಲ್ಲ ಹತ್ತಾರು. ಕೂಗಿದವು, ಎದ್ದು ಸುತ್ತು ಹಾಕಿದವು, ಮತ್ತೆ ಮರದಲ್ಲೇ ಕೂತವು. ಒಂದೂ ಈ ಕಡೆ ಬರಲಿಲ್ಲ. ಕಾದೆವು. ವಡೆಯ ಮೇಲೆ ಇರುವೆ ಹತ್ತಿತು. ಬಿಸಿಲಿಗೆ ಎಲೆಯ ಅಂಚು ಮುದುಡಿತು.

"ಏನೋ ಆಸೆ ಉಳ್ಕೊಂಡಿರೋ ಹಾಗಿದೆ" ಎಂದರು ಪುರೋಹಿತರು. "ಮನಸ್ಸಿನಲ್ಲಿರೋದನ್ನ ಹೇಳ್ಕೊಂಡು ಮಾತು ಕೊಡಿ."

ನಮ್ಮಲ್ಲಿ ಅದು ಪದ್ಧತಿ. ಹೋದವರ ಮನಸ್ಸಿನಲ್ಲಿ ಏನು ಉಳಿದಿರಬಹುದೆಂದು ಊಹಿಸಿ, ಇದ್ದವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಮಾತು ಕೊಡುತ್ತಾರೆ. ಸರಿಯಾದ ಮಾತು ಬಂದಾಗ ಕಾಗೆ ಇಳಿಯುತ್ತದೆ. ತಮ್ಮ ಪ್ರತಿ ವರ್ಷ ತಪ್ಪದೆ ತಿಥಿ ಮಾಡುತ್ತೇನೆ ಎಂದ. ಕಾಗೆ ಬರಲಿಲ್ಲ. ಅವನ ಹೆಂಡತಿ ಅತ್ತೆಯ ಹೆಸರಿನಲ್ಲಿ ಕಾಶಿಗೆ ಹೋಗಿ ಬರುತ್ತೇವೆ ಎಂದಳು. ಬರಲಿಲ್ಲ. ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಅಕ್ಕ, ನಿನ್ನ ಮೈಸೂರು ಸಿಲ್ಕ್ ಸೀರೆ ನನ್ನ ಹತ್ರಾನೇ ಇದೆ, ಕೇಳಿದ್ದಾಗ ಇಲ್ಲ ಅಂದಿದ್ದೆ, ವಾಪಸ್ ಕೊಡ್ತೀನಿ" ಎಂದರು. ಅದಕ್ಕೂ ಬರಲಿಲ್ಲ. ನಾನು ಮನಸ್ಸಿನಲ್ಲೇ, ಟೊಮೇಟೊ ಎಲ್ಲ ನೀನೇ ಕಿತ್ತುಕೋ ಅಮ್ಮ, ಒಂದು ಮಾತೂ ಆಡುವುದಿಲ್ಲ ಎಂದೆ.

ಆಗ ತಮ್ಮ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು. "ಅಕ್ಕ, ಅಮ್ಮಂಗೆ ಕೊರಗು ಇರೋದು ನಮ್ಮಿಬ್ರದ್ದೇ. ಮನೆ ವಿಷ್ಯಕ್ಕೆ ಜಗಳ ಆಡ್ಕೊಂಡ್ವಲ್ಲ. ಅದನ್ನ ಮುಗಿಸ್ತೀವಿ ಅಂತ ಹೇಳು."

ಎಲ್ಲರೂ ನನ್ನನ್ನು ನೋಡಿದರು. ಚಿಕ್ಕಮ್ಮ ನೀರಿನ ಟ್ಯಾಂಕಿನ ಕಟ್ಟೆಗೆ ಒರಗಿ ಬೆವರುತ್ತಿದ್ದರು. ತೆಂಗಿನ ಮರದಲ್ಲಿ ಕಾಗೆಗಳು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದವು. ಆ ದನಿ ನನಗೆ ಗೊತ್ತಿದ್ದ ದನಿ. ಕರೆಂಟಿನ ತಂತಿಯ ಕೆಳಗೆ ಕೇಳಿದ್ದೆ, ಗೊಂಬೆ ಕಟ್ಟಿದಾಗಲೆಲ್ಲ ಕೇಳಿದ್ದೆ. ಅವತ್ತು ಮಾತ್ರ ಅದು ಅಮ್ಮ ಅಳುತ್ತಿರುವ ಹಾಗೆ ಕೇಳಿಸಿತು.

"ಆಯ್ತಮ್ಮ" ಎಂದೆ. "ಅವ್ನು ಹೇಳ್ದಂಗೆ ಮನೆ ಕೊಡಕ್ಕೆ ಒಪ್ಕೋತೀನಿ. ನೀನು ಊಟ ಮಾಡು."

"ಆ ಕಡೆಯಿಂದ ಕರೀತೀನಿ" ಎಂದು ತಮ್ಮ ಟ್ಯಾಂಕಿನ ಹಿಂದೆ ಹೋದ. ಅಲ್ಲಿಂದ "ಕಾ, ಕಾ" ಕೇಳಿಸಿತು. ತಿರುಗಿ ಬಂದು ಕೈಮುಗಿದು ನಿಂತ. ಸ್ವಲ್ಪ ಹೊತ್ತಿಗೆ ಮರದ ಗದ್ದಲ ತಗ್ಗಿತು. ಒಂದು ಕಾಗೆ ಇಳಿದು ಗೋಡೆಯ ಮೇಲೆ ಕೂತು, ಕತ್ತು ಕೊಂಕಿಸಿ ನೋಡಿ, ಪಿಂಡಕ್ಕೆ ಬಾಯಿ ಹಾಕಿತು. ಚಿಕ್ಕಮ್ಮ ಗಟ್ಟಿಯಾಗಿ ಅತ್ತುಬಿಟ್ಟರು. ನಾನೂ ಅತ್ತೆ. ತಮ್ಮ ಮಡಿಯನ್ನು ಮರೆತು ನನ್ನ ಭುಜ ತಟ್ಟಿದ. ಅಮ್ಮ ಉಂಡಳು, ಹೋಗಲಿ ತಾರಸಿ, ಎಂದುಕೊಂಡು ನಾನೂ ಎಲೆಯ ಮುಂದೆ ಕೂತೆ.

ಮರುದಿನ ಅವರೆ ಮೊಳಕೆಗಳ ನೆನಪಾಗಿ ಗೂಡಿಗೆ ಕೈ ಹಾಕಿದರೆ ಅಕ್ಕಿ ಚೀಲ ಖಾಲಿ. ನನಗೇ ಮರೆವು ಬಂತೇನೋ ಎಂದುಕೊಂಡು ಮನೆಯೆಲ್ಲ ಹುಡುಕಿದೆ. ಕೊನೆಗೆ ಮೇಲೆ ಹೋದೆ. ಗೊಂಬೆ ಟ್ಯಾಂಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತುರುಕಿಕೊಂಡು ಬಿದ್ದಿತ್ತು. ಅದರ ಕಾಲಿಗೆ ಬಾಳೆ ನಾರು ಸುತ್ತಿತ್ತು. ಆ ನಾರಿನ ಇನ್ನೊಂದು ತುಂಡು ಟ್ಯಾಂಕಿನ ಹಿಂದಿನ ಪೈಪಿನಲ್ಲಿ, ತೆಂಗಿನ ಮರಕ್ಕೆ ನೇರವಾಗಿ ಕಾಣುವ ಜಾಗದಲ್ಲಿ, ಗಂಟು ಹಾಕಿದಂತೆಯೇ ಇತ್ತು. ಎಳೆದು ಹರಿದಿದ್ದು. ನಾನು ಯಾವಾಗಲೂ ಸೀರೆಯ ಅಂಚಿನಿಂದ ಕಟ್ಟುತ್ತೇನೆ, ಎಳೆದರೆ ಬಿಚ್ಚುವ ಗಂಟು. ಮನೆಗೆ ಬಾಳೆ ನಾರು ಬಂದಿದ್ದು ಹಿಂದಿನ ದಿನ, ಎಲೆಯ ಕಟ್ಟಿನ ಜೊತೆ.

ಅಲ್ಲೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಪಿಂಡದ ಎಲೆ ಇಟ್ಟ ಜಾಗದಿಂದ ನೋಡಿದೆ, ಪೈಪು ಕಾಣುವುದಿಲ್ಲ. ತಮ್ಮ ಎಲ್ಲವನ್ನೂ ನಾನು ಹೇಳಿಕೊಟ್ಟ ಹಾಗೇ ಮಾಡಿದ್ದ. ಎತ್ತರ ಸರಿ, ದಿಕ್ಕು ಸರಿ, ತೆಗೆದ ಮೇಲೆ ಕಾಯುವ ಹೊತ್ತೂ ಸರಿ. ಭಾನುವಾರಗಳು, ಬೆಣ್ಣೆ ಬಿಸ್ಕತ್ತು, ಗೊಬ್ಬರ ಕಲೆಸಿದ ಕೈ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಎಂಥೆಂಥವರ ಸುಳ್ಳು ಸಹಿ ಹಿಡಿದವಳು ನಾನು. ನನ್ನ ಬೆನ್ನಿಗೆ ಬಿದ್ದವನು ನನಗೇ ಟೋಪಿ ಹಾಕಿದ್ದ.

ಮುಂದಿನ ಭಾನುವಾರ ಅವನು ಬಂದ. ಕಾರಿನಿಂದ ಇಳಿದದ್ದೇ ತಡ, ತೆಂಗಿನ ಮರದಿಂದ ಎರಡು ಕಾಗೆಗಳು ಅವನ ತಲೆಗೆ ಎರಗಿದವು. ಬಿಸ್ಕತ್ತಿನ ಪೊಟ್ಟಣವನ್ನು ತಲೆಯ ಮೇಲೆ ಹಿಡಿದು ಒಳಗೆ ಓಡಿ ಬಂದ. "ಏನಕ್ಕ, ಹುಚ್ಚು ಹಿಡಿದಿದ್ಯಾ ಇವಕ್ಕೆ" ಎಂದು ನಕ್ಕ. ನಾನು ನಗಲಿಲ್ಲ. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ನಾರಿನ ಸಮೇತ ಗೊಂಬೆಯನ್ನಿಟ್ಟಿದ್ದೆ. ಅವನು ಅದನ್ನು ನೋಡಿದ. ಕುರ್ಚಿ ಎಳೆದುಕೊಂಡು ಕೂತ. ಇಲ್ಲ ಎನ್ನುತ್ತಾನೆ ಎಂದು ಕಾದೆ. ಇಲ್ಲ ಎಂದಿದ್ದರೆ ನಾನು ನಂಬಿಬಿಡುತ್ತಿದ್ದೆನೋ ಏನೋ.

"ನೀನು ಸುಮ್ನೆ ಕೇಳಿದ್ರೆ ಒಪ್ತಿರ್ಲಿಲ್ಲ" ಎಂದ. "ಕೋರ್ಟು ಕಚೇರಿ ಅಂತ ಹೋಗ್ಬೇಕಿತ್ತಾ? ಹಿಂಗಾದ್ರೆ ಯಾರಿಗೂ ನೋವಾಗ್ಲಿಲ್ಲ. ನೀನೇ ಹೇಳ್ತಿದ್ದೆ, ನೋಯಿಸ್ದೆ ದೂರ ಇಡ್ಬೇಕು ಅಂತ."

ಆ ಮಾತು ಅವನ ಬಾಯಿಂದಲೇ ಬಂತು.

"ನನ್ ವಿಷ್ಯ ಬಿಡು" ಎಂದೆ. "ಅಮ್ಮ ಊಟಕ್ಕೆ ಬಂದಿದ್ಲು ಕಣೋ. ವರ್ಷಕ್ಕೊಂದ್ ದಿನ. ಎಲೆ ಹಾಕಿ, ಕಾ ಕಾ ಅಂತ ಕರ್ದು, ಎದುರಿಗೆ ಹೆಣ ನೇತು ಹಾಕಿದ್ಯಲ್ಲೋ."

"ಅಕ್ಕ, ಅಮ್ಮ ಎಲ್ಲಿ ಬಂದ್ಲು? ಅದು ಕಾಗೆ. ನೀನು ಓದಿದವ್ಳು, ಇದನ್ನೆಲ್ಲ ನಂಬ್ತೀಯಾ?"

ಒದ್ದೆ ಪಂಚೆ ಉಟ್ಟು ನನ್ನನ್ನು ಹಜಾರದಿಂದ ಆಚೆ ಓಡಿಸಿದವನು ಹೀಗೆ ಕೇಳಿದ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನನಗೆ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ ಎಂದು ನಾನೇ ಯೋಚಿಸಿರಲಿಲ್ಲ. ಅವನಿಗೆ ಇಲ್ಲ ಎಂದು ಗೊತ್ತಾದ ಕ್ಷಣ ನನಗೆ ಇದೆ ಎಂದು ಗೊತ್ತಾಯಿತು. ಅವನು ಅತ್ತಿದ್ದನಲ್ಲ, ಆ ಕಣ್ಣೀರು ಎಲ್ಲಿಂದ ತಂದ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

"ನಾನ್ ಮಾತು ಕೊಟ್ಟಿದ್ದು ಅಮ್ಮಂಗೆ" ಎಂದೆ. "ನೀನು ಅವ್ಳನ್ನ ಹತ್ರ ಬರಕ್ಕೇ ಬಿಟ್ಟಿರ್ಲಿಲ್ಲ. ಅವ್ಳು ಕೇಳದೇ ಇರೋ ಮಾತು ನನ್ನ ಕಟ್ಟಾಕಲ್ಲ. ಬಿಸ್ಕತ್ತು ತಗೊಂಡು ಹೋಗು."

ಅವನು ಬಿಸ್ಕತ್ತು ಬಿಟ್ಟು ಹೋದ. ನೆಂಟರಿಷ್ಟರಲ್ಲಿ ಮಾತು ಹರಡಿತು, ಅಕ್ಕ ಪಿಂಡದ ಮುಂದೆ ಕೊಟ್ಟ ಮಾತಿಗೆ ತಪ್ಪಿದಳು ಎಂದು. ನಾನು ಚಿಕ್ಕಮ್ಮನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ನಾರಿನ ತುಂಡನ್ನೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು.

"ಮಡೀಲಿದ್ದೋನು ಆ ಸತ್ತ ಕಾಗೆ ಗೊಂಬೇನ ಹೇಗೆ ಮುಟ್ತಾನೆ? ಏನೇನೋ ಹೇಳ್ಬೇಡ ಕಣೇ. ಮನೆ ಕೊಡಕ್ಕೆ ಮನಸ್ಸಿಲ್ಲ ಅಂದ್ರೆ ಹಾಗೇ ಹೇಳು, ಮಗು ಮೇಲೆ ಯಾಕೆ ಹಾಕ್ತೀಯ?"

ಮಗುವಿಗೆ ಐವತ್ತೈದು ವರ್ಷ. ಇಡೀ ಬಳಗ ಕಣ್ಣಾರೆ ಕಂಡದ್ದು ಒಂದೇ: ನಾನು ಮಾತು ಕೊಟ್ಟೆ, ಕಾಗೆ ಬಂತು, ನಾನು ಮಾತು ಮುರಿದೆ. ಆಮೇಲೆ ಬಳಗದವರ ಗೃಹಪ್ರವೇಶಕ್ಕೆ ನನಗೆ ಕರೆ ಬರಲಿಲ್ಲ, ನಾಮಕರಣಕ್ಕೂ ಬರಲಿಲ್ಲ. ಜಯನಗರದಲ್ಲಿ ಎದುರಾದವರು ತರಕಾರಿ ಆರಿಸುವುದರಲ್ಲಿ ಮಗ್ನರಾದರು.

ಮನೆ ಉಳಿಯಿತು. ತೋಟ ಮಾತ್ರ ಮೊದಲಿನ ಹಾಗಿಲ್ಲ. ದಾಳಿಂಬೆಗೆ ಚೀಲ ಕಟ್ಟುತ್ತೇನೆ, ಬುಲ್‌ಬುಲ್‌ಗೆ ನೀರಿಡುತ್ತೇನೆ, ಮೆಂತ್ಯಕ್ಕೆ ಫ್ರಿಜ್ಜಿನ ತಟ್ಟೆ ಮುಚ್ಚುತ್ತೇನೆ. ಕಾಗೆಗೆ ಮಾತ್ರ ಏನೂ ಮಾಡಲಾರೆ. ಗೊಂಬೆಯನ್ನು ಬಿಚ್ಚಿ ನಾರು ಕುಂಡಕ್ಕೆ ಹಾಕಿದೆ, ಕೊಡೆಯ ಬಟ್ಟೆಯನ್ನು ಮಡಿಸಿ ಎತ್ತಿಟ್ಟೆ. ಈ ಸಲ ಅವರೆ ಬಿತ್ತಿದ್ದೂ ಆಯಿತು, ಕಾಗೆಗಳು ಕಿತ್ತದ್ದೂ ಆಯಿತು. ಗೋಡೆಯ ಮೇಲೆ ಕೂತು ನನ್ನ ಮುಖ ನೋಡುವಾಗ ಬೈಯಬೇಕೆಂದು ಬಾಯಿ ತೆರೆಯುತ್ತೇನೆ, ಆಗುವುದಿಲ್ಲ.

ಈ ವರ್ಷದ ತಿಥಿಯನ್ನು ತಮ್ಮ ಮಠವೊಂದರಲ್ಲಿ ಮಾಡಿಸಿದ. ನನಗೆ ಹೇಳಲಿಲ್ಲ, ಪಂಚಾಂಗ ನನ್ನ ಹತ್ತಿರವೂ ಇದೆ. ಪಿಂಡ ಇಡುವ ಅಧಿಕಾರ ಹೆಣ್ಣಾದ ನನಗಿಲ್ಲ ಎನ್ನುತ್ತಾರೆ. ಅನ್ನ ಇಡಬೇಡ ಎಂದು ಯಾರೂ ಹೇಳಿಲ್ಲ. ಅಡುಗೆ ಮಾಡಿ, ಎಲೆ ಹಾಕಿ, ಅನ್ನ, ವಡೆ, ಎಳ್ಳುಂಡೆ ಬಡಿಸಿ ಮೋಟುಗೋಡೆಯ ಮೇಲಿಟ್ಟೆ. "ಬಾಮ್ಮ" ಎಂದೆ. ತಡವೇ ಆಗಲಿಲ್ಲ. ಒಂದು ಕಾಗೆ ಇಳಿದು, ಎಲೆಯನ್ನು ದಾಟಿ ಕುಂಡಕ್ಕೆ ಹೋಗಿ, ಒಂದು ದೋರೆ ಟೊಮೇಟೊ ಕಿತ್ತು ತಿಂದು, ಆಮೇಲೆ ಅನ್ನಕ್ಕೆ ಬಂತು. ನಾನು ಕಣ್ಣೊರೆಸಿಕೊಳ್ಳುತ್ತ ನಕ್ಕೆ.

ಆಗಲೇ ಕೆಳಗೆ ಕಾರು ನಿಂತಿತು. ತಮ್ಮ ಇಳಿದ, ಕೈಯಲ್ಲಿ ಸ್ಟೀಲಿನ ಡಬ್ಬಿ, ಮಠದ ಊಟದ್ದಿರಬೇಕು. ಆ ಕಡೆಯ ಬಾಗಿಲಿಂದ ಚಿಕ್ಕಮ್ಮ ಇಳಿದರು. ರಾಜಿ ಮಾಡಿಸಲು ಕರೆತಂದಿದ್ದ ಎಂದು ಕಾಣುತ್ತದೆ. ಅವನು ಗೇಟಿಗೆ ಕೈ ಹಾಕುವಷ್ಟರಲ್ಲಿ ತೆಂಗಿನ ಮರ ಪೂರ್ತಿ ಎದ್ದಿತು. ಅದೇ ದನಿ. ಒಂದಾದ ಮೇಲೊಂದು ಅವನ ತಲೆಯ ಮೇಲೆ ಇಳಿದು ಇಳಿದು ಏರಿದವು. ಅವನು ಡಬ್ಬಿ ತಲೆಯ ಮೇಲೆ ಹಿಡಿದ, ಕಾರಿನೊಳಗೆ ತೂರಿದ, ಮತ್ತೆ ಇಳಿದ. ಇಳಿದಾಗಲೆಲ್ಲ ಬಂದವು. ಗೇಟಿನ ಎದುರಿಗೇ ನಿಂತಿದ್ದ ಚಿಕ್ಕಮ್ಮನ ಹತ್ತಿರ ಒಂದೂ ಹೋಗಲಿಲ್ಲ. ಅವರು ಅವನನ್ನು ನೋಡಿದರು, ಮರವನ್ನು ನೋಡಿದರು.

"ನಿನ್ನೊಬ್ಬನ್ನೇ ಯಾಕೋ ಹಿಂಗೆ ಅಟ್ಟಿಸ್ಕೊಂಡ್ ಬರ್ತಾವೆ?" ಎಂದು ಕೇಳಿದರು. "ನಮ್ಮಕ್ಕನ ತಿಥಿ ದಿನ."

ತಮ್ಮ ಮತ್ತೆ ಕಾರಿನೊಳಗೆ ತೂರಿ ಬಾಗಿಲೆಳೆದುಕೊಂಡ. ಚಿಕ್ಕಮ್ಮ ನಿಧಾನವಾಗಿ ಕತ್ತೆತ್ತಿ ತಾರಸಿಯ ಕಡೆ ನೋಡಿದರು, ನನ್ನನ್ನು. ಅವರ ಕೈ ತಾನಾಗಿ ಸೆರಗಿಗೆ ಹೋಯಿತು. ಬಾಯಿ ಮುಚ್ಚಿಕೊಂಡು ಹಾಗೇ ನಿಂತರು.

"ಅಕ್ಕ" ಎಂದು ತಮ್ಮ ಕಾರಿನ ಕಿಟಕಿಯಿಂದ ಕೂಗಿದ. "ಬಾಗ್ಲು ತೆಗಿಯೇ, ಒಳಗೆ ಬರ್ತೀನಿ. ಏನಾದ್ರೂ ಮಾಡು."

ಮಾಡಬಹುದಿತ್ತು. ಅಪ್ಪನ ಮಂಕಿ ಟೋಪಿ ನನ್ನ ಹಿಂದೆ ಬಾಗಿಲಿನ ಮೊಳೆಯಲ್ಲೇ ಇತ್ತು. ಮೇಲಿನಿಂದ ಎಸೆದಿದ್ದರೆ ಸಾಕಿತ್ತು, ಮುಖ ಮುಚ್ಚಿಕೊಂಡು ಒಂದು ಕಾಗೆಯೂ ಮುಟ್ಟದ ಹಾಗೆ ಅವನು ಒಳಗೆ ಬರುತ್ತಿದ್ದ. ನಾನು ಎಲೆಯ ಪಕ್ಕದಲ್ಲಿ ನಿಂತೇ ಇದ್ದೆ. ಅಮ್ಮ ಇನ್ನೂ ಊಟ ಮಾಡುತ್ತಿದ್ದಳು.